ಕೃತಿಚೌರ್ಯ ತಡೆಯಲು ಯಾವ ದಾರಿ? ಕಾಸರಗೋಡಿನ ಕಾಲೇಜು ಗ್ರಂಥಾಲಯಗಳಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಕಳೆದ ಮಳೆಗಾಲದಲ್ಲಿ ಸ್ನಾತಕೋತ್ತರ ತರಗತಿಯ ಒಬ್ಬ ವಿದ್ಯಾರ್ಥಿನಿ ಒಂದು ಹಾಳೆ ಹಿಡಿದುಕೊಂಡು ಗ್ರಂಥಾಲಯದಲ್ಲಿರುವ ನನ್ನ ಮೇಜಿನ ಬಳಿ ಬಂದಳು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಬಗ್ಗೆ ಕಿರುಪ್ರಬಂಧ ಬರೆಯುತ್ತಿದ್ದಳು. ಹಾಳೆಯಲ್ಲಿ ಹನ್ನೊಂದು ಆಕರಗಳ ಪಟ್ಟಿ ಇತ್ತು.

“ಟೀಚರ್, ಇದರಲ್ಲಿ ನಾಲ್ಕು ಎಲ್ಲಿಯೂ ಸಿಗುತ್ತಿಲ್ಲ. ನಮ್ಮಲ್ಲಿ ಇವೆಯೇ?”

ಇಬ್ಬರೂ ಕೂತು ಹುಡುಕಿದೆವು. ಆ ನಾಲ್ಕರಲ್ಲಿ ಒಂದು ಲೇಖನದ ಮುಂದೆ ಈ ವಿಷಯದಲ್ಲಿ ನಿಜವಾಗಿಯೂ ದುಡಿದಿದ್ದ, ಈಗ ನಮ್ಮೊಂದಿಗಿಲ್ಲದ ವಿದ್ವಾಂಸರೊಬ್ಬರ ಹೆಸರಿತ್ತು. ಪತ್ರಿಕೆಯೂ ನಿಜವಾದದ್ದೇ. ಆ ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಹೊಲಿಸಿ ಕಟ್ಟಿದ ಸಂಪುಟ ನಮ್ಮ ಕಪಾಟಿನಲ್ಲೇ ಇತ್ತು. ಧೂಳು ಕೊಡವಿ, ಪುಟ ಪುಟ ತಿರುವಿದೆವು. ಲೇಖನ ಇರಲಿಲ್ಲ. ಆ ಪುಟಸಂಖ್ಯೆಯಲ್ಲಿ ಅಡಿಕೆ ಕೃಷಿಯ ಬಗ್ಗೆ ಏನೋ ಬರಹವಿತ್ತು. ಪಟ್ಟಿ ಎಲ್ಲಿಂದ ಬಂತು ಎಂದು ಕೇಳಿದೆ. ಚಾಟ್‌ಜಿಪಿಟಿ ಕೊಟ್ಟದ್ದು ಎಂದಳು, ಮುಚ್ಚುಮರೆ ಇಲ್ಲದೆ.

ಅವಳು ಯಾರ ಬರಹವನ್ನೂ ಕದ್ದಿರಲಿಲ್ಲ. ಆ ಪ್ರಬಂಧವನ್ನು ಹಾಗೆಯೇ ಒಪ್ಪಿಸಿದ್ದರೆ, ಬರಹವನ್ನು ಬೇರೆ ಬರಹಗಳೊಂದಿಗೆ ಹೋಲಿಸಿ ನೋಡುವ ಯಾವ ಸಾಮ್ಯ ಪರೀಕ್ಷೆಯೂ ಅವಳನ್ನು ತಡೆಯುತ್ತಿರಲಿಲ್ಲ, ಏಕೆಂದರೆ ಇಲ್ಲದ ಲೇಖನಕ್ಕೆ ಹೋಲಿಕೆಯಾಗುವ ಮೂಲ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಆದರೆ ಮೂರು ವರ್ಷ ಕಳೆದು ಬದಿಯಡ್ಕದಿಂದಲೋ ಪೆರ್ಲದಿಂದಲೋ ಬರುವ ಇನ್ನೊಬ್ಬ ಸಂಶೋಧಕ ಅವಳ ಪ್ರಬಂಧವನ್ನು ನಂಬಿ, ಇಲ್ಲದ ಆ ಲೇಖನವನ್ನು ತನ್ನ ಅಡಿಟಿಪ್ಪಣಿಗೆ ಸೇರಿಸಿಕೊಳ್ಳುತ್ತಾನೆ. ಪಾರ್ತಿಸುಬ್ಬನ ಕಾಲ, ಕರ್ತೃತ್ವಗಳ ಬಗ್ಗೆ ವಿದ್ವಾಂಸರಲ್ಲಿ ಮೊದಲೇ ಭಿನ್ನಾಭಿಪ್ರಾಯವಿದೆ. ಆ ಚರ್ಚೆಗೆ ಹುಟ್ಟೇ ಇಲ್ಲದ ಸಾಕ್ಷಿಯೊಂದು ಸೇರಿದರೆ ಅದನ್ನು ಹೊರಗೆ ಹಾಕುವುದು ಎಷ್ಟು ಕಷ್ಟವೆಂದು ಸಂಶೋಧನೆ ಮಾಡಿದವರಿಗೆ ಗೊತ್ತು.

“ಕೃತಿಚೌರ್ಯ ಪತ್ತೆಗೆ ಯಾವ ತಂತ್ರಾಂಶ ಒಳ್ಳೆಯದು?” ಎಂದು ಸುತ್ತಲಿನ ಕಾಲೇಜುಗಳಿಂದ ಅಧ್ಯಾಪಕರು, ಗ್ರಂಥಪಾಲಕರು ಆಗಾಗ ಕೇಳುತ್ತಾರೆ. ನಿಮ್ಮಲ್ಲಿ ನಡೆಯುವ ತಪ್ಪು ಯಾವ ಬಗೆಯದು ಎಂದು ನಾನು ಮೊದಲು ಕೇಳುತ್ತೇನೆ. ನಕಲು ಮಾಡುವುದು, ಅನುವಾದಿಸಿ ತನ್ನದೆನ್ನುವುದು, ಯಂತ್ರದಿಂದ ಬರೆಸುವುದು, ಇಲ್ಲದ ಆಕರವನ್ನು ಹೆಸರಿಸುವುದು ಇವು ನಾಲ್ಕು ಬೇರೆ ಬೇರೆ ರೋಗಗಳು. ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ.

ನಿಯಮ ಹೇಳುವುದೇನು?

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಶೈಕ್ಷಣಿಕ ಪ್ರಾಮಾಣಿಕತೆಯ ನಿಯಮಾವಳಿಯನ್ನು ಪ್ರಕಟಿಸಿದ್ದು 2018ರ ಜುಲೈಯಲ್ಲಿ. ಸಾಮ್ಯತೆ ಶೇಕಡಾ 10ರ ವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40ರ ವರೆಗೆ ಇದ್ದರೆ ಆರು ತಿಂಗಳು ಮೀರದ ಗಡುವಿನೊಳಗೆ ತಿದ್ದಿ ಒಪ್ಪಿಸಬೇಕು. 40ರಿಂದ 60ರ ನಡುವೆ ಇದ್ದರೆ ಒಂದು ವರ್ಷ ಮರಳಿ ಒಪ್ಪಿಸುವಂತಿಲ್ಲ. 60 ದಾಟಿದರೆ ಆ ಕಾರ್ಯಕ್ರಮದ ನೋಂದಣಿಯೇ ರದ್ದು. ಸರಿಯಾಗಿ ಉಲ್ಲೇಖಿಸಿದ ಉದ್ಧರಣೆಗಳು, ಆಕರಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನಿನ ಪಾಠಗಳು, ರೂಢಿಯ ಸಮೀಕರಣಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲರಿಗೂ ತಿಳಿದ ಸಂಗತಿಯಲ್ಲಿ ಸತತ 14 ಪದಗಳ ವರೆಗಿನ ಹೊಂದಿಕೆಯನ್ನೂ ಬಿಡಲಾಗುತ್ತದೆ.

ಇದನ್ನು ಓದಿದ ವಿದ್ಯಾರ್ಥಿಗಳು ‘ಶೇಕಡಾ ಹತ್ತರಷ್ಟು ಕದಿಯಬಹುದು’ ಎಂದು ಅರ್ಥ ಮಾಡಿಕೊಂಡಿರುವುದನ್ನು ನೋಡಿ ನನಗೆ ನಿಜಕ್ಕೂ ದುಃಖವಾಗುತ್ತದೆ. ಪ್ರಬಂಧದ ಜೀವಾಳವಾದ ಒಂದೇ ಅಧ್ಯಾಯಭಾಗವನ್ನು ಇನ್ನೊಬ್ಬರಿಂದ ಎತ್ತಿ ತಂದರೂ ಒಟ್ಟು ಸಂಖ್ಯೆ ಶೇಕಡಾ 8 ಆಗಬಹುದು. ಹಳಗನ್ನಡ ಪದ್ಯಗಳನ್ನು ಧಾರಾಳವಾಗಿ ಉದ್ಧರಿಸಿ ಪ್ರಾಮಾಣಿಕವಾಗಿ ವಿಶ್ಲೇಷಿಸಿದ ಪ್ರಬಂಧ ಶೇಕಡಾ 30 ತೋರಿಸಬಹುದು. ಸಂಖ್ಯೆ ಹೇಳುವುದು ಹೊಂದಿಕೆಯನ್ನು. ಅದು ಕಳ್ಳತನವೋ ಅಲ್ಲವೋ ಎಂದು ಓದಿದವರು ಹೇಳಬೇಕು.

ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ಮಾತು ಅದೇ ನಿಯಮಾವಳಿಯಲ್ಲಿದೆ. ಅದು ಅನ್ವಯಿಸುವುದು ಪ್ರಬಂಧ, ಮಹಾಪ್ರಬಂಧ, ಪ್ರಕಟವಾಗುವ ಲೇಖನ, ಪುಸ್ತಕಗಳಂಥವುಗಳಿಗೆ. ತರಗತಿಯ ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಉತ್ತರಪತ್ರಿಕೆಗಳನ್ನು ಅದು ಸ್ಪಷ್ಟವಾಗಿ ಹೊರಗಿಟ್ಟಿದೆ. ಪದವಿ ತರಗತಿಯ ಮಕ್ಕಳ ಅಸೈನ್‌ಮೆಂಟಿಗೆ ಶೇಕಡಾವಾರು ದಂಡ ಹಾಕುವುದಕ್ಕೆ ಈ ನಿಯಮದಲ್ಲಿ ಆಧಾರವಿಲ್ಲ. ಇದು ಚಾಟ್‌ಜಿಪಿಟಿ ಬರುವುದಕ್ಕೆ ನಾಲ್ಕು ವರ್ಷ ಮೊದಲು ಬರೆದ ನಿಯಮ ಎಂಬುದನ್ನೂ ಮರೆಯಬಾರದು.

ಸಾಮ್ಯ ಪರೀಕ್ಷೆ: ಶೋಧಶುದ್ಧಿ, ಟರ್ನಿಟಿನ್, ಉಚಿತ ತಾಣಗಳು

ಶೋಧಶುದ್ಧಿ ಕೃತಿಚೌರ್ಯ ಪತ್ತೆಯ ತಂತ್ರಾಂಶವನ್ನು ಒದಗಿಸುವ ಕೇಂದ್ರ ಶಿಕ್ಷಣ ಸಚಿವಾಲಯದ ಯೋಜನೆ. ವಿಶ್ವವಿದ್ಯಾಲಯಗಳ ಗ್ರಂಥಾಲಯ ಜಾಲವನ್ನು ನೋಡಿಕೊಳ್ಳುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ 2019ರ ಸೆಪ್ಟೆಂಬರಿನಿಂದ ಇದನ್ನು ನಡೆಸುತ್ತಿದೆ. ಆರಂಭದಲ್ಲಿ ಉರ್ಕುಂಡ್ ಎಂಬ ತಂತ್ರಾಂಶ ಬಳಕೆಯಲ್ಲಿತ್ತು, ಆಮೇಲೆ ಬೆಂಗಳೂರು ಮೂಲದ ಡ್ರಿಲ್‌ಬಿಟ್ ಬಂತು. ವಿಶ್ವವಿದ್ಯಾಲಯಗಳಿಗೆ ಇದು ಶುಲ್ಕವಿಲ್ಲದೆ ಸಿಗುತ್ತದೆ. ಸಂಯೋಜಿತ ಕಾಲೇಜಿನವರು ಸ್ವಂತ ಖರ್ಚಿನಲ್ಲಿ ಏನನ್ನಾದರೂ ಕೊಳ್ಳುವ ಮೊದಲು ತಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಿಸಬೇಕು. ಕಾಸರಗೋಡಿನ ಹೆಚ್ಚಿನ ಕಾಲೇಜುಗಳು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದವು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ವ್ಯವಸ್ಥೆ ಬೇರೆ.

ಟರ್ನಿಟಿನ್ 1998ರಿಂದ ಇರುವ ಅಮೆರಿಕದ ಸಾಮ್ಯ ಪರೀಕ್ಷೆ ತಂತ್ರಾಂಶ. ಅದರ ಬಲವಿರುವುದು ಸಂಗ್ರಹದಲ್ಲಿ: ಜಗತ್ತಿನಾದ್ಯಂತ ವಿದ್ಯಾರ್ಥಿಗಳು ಒಪ್ಪಿಸಿದ ಬರಹಗಳು, ಚಂದಾ ಕಟ್ಟಿ ಓದಬೇಕಾದ ನಿಯತಕಾಲಿಕಗಳು ಅದರಲ್ಲಿವೆ. ಇಂಗ್ಲಿಷಿನಲ್ಲಿ ಬರೆಯುವ ವಿಜ್ಞಾನ, ವಾಣಿಜ್ಯ ವಿಭಾಗಗಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹಣವೂ ಅಷ್ಟೇ ಬೇಕು. ಬೇರೆಲ್ಲ ವಿಷಯಗಳಿಗೂ ವಿಶ್ವವಿದ್ಯಾಲಯದ ಶೋಧಶುದ್ಧಿ ಸಿಗುತ್ತಿರುವಾಗ, ಇನ್ನೂರು ಮುನ್ನೂರು ವಿದ್ಯಾರ್ಥಿಗಳ ಕಾಲೇಜು ಪುಸ್ತಕ ಕೊಳ್ಳುವ ಅನುದಾನವನ್ನು ಕತ್ತರಿಸಿ ಇದನ್ನು ತರಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಅಂತರಜಾಲದ ಉಚಿತ ತಾಣಗಳ ಬಗ್ಗೆ ಒಂದೇ ಮಾತು. ಅವು ನೋಡುವುದು ತೆರೆದ ಜಾಲತಾಣಗಳನ್ನು ಮಾತ್ರ. ನೀವು ಅಂಟಿಸಿದ ಅಪ್ರಕಟಿತ ಅಧ್ಯಾಯ ಮುಂದೆ ಎಲ್ಲಿ ಉಳಿಯುತ್ತದೆ ಎಂಬುದಕ್ಕೆ ಖಾತರಿ ಇಲ್ಲ. ಮಹಾಪ್ರಬಂಧದ ಕರಡನ್ನು ಅಲ್ಲಿಗೆ ಹಾಕಬೇಡಿ.

ಕನ್ನಡದ ಪ್ರಬಂಧವಾದರೆ ಮೊದಲು ಇದನ್ನು ನೋಡಿ

ಕೆಲವು ವರ್ಷಗಳ ಹಿಂದೆ ಕನ್ನಡದ ಒಂದು ಮಹಾಪ್ರಬಂಧದ ಕರಡಿನ ಸಾಮ್ಯ ವರದಿ ನನ್ನ ಕೈಗೆ ಬಂತು. ಶೇಕಡಾ 2. ಮಾರ್ಗದರ್ಶಕರಿಗೆ ಖುಷಿಯೋ ಖುಷಿ. ನನಗೆ ಯಾಕೋ ಸಮಾಧಾನವಾಗಲಿಲ್ಲ. ಎರಡನೆಯ ಅಧ್ಯಾಯದ ಕೆಲವು ಸಾಲುಗಳನ್ನು ಎಲ್ಲೋ ಓದಿದ ಹಾಗೆ ಅನಿಸುತ್ತಿತ್ತು. ಪಿಡಿಎಫ್ ತೆರೆದು ಒಂದು ಸಾಲನ್ನು ನಕಲಿಸಿ ಖಾಲಿ ಕಡತದಲ್ಲಿ ಅಂಟಿಸಿದೆ. ಕನ್ನಡ ಕಾಣಿಸಲೇ ಇಲ್ಲ. ‘ಕ’ ಇರಬೇಕಾದಲ್ಲಿ ರೋಮನ್ ‘ಪಿ’, ‘ನ’ ಇರಬೇಕಾದಲ್ಲಿ ಪೌಂಡಿನ ಚಿಹ್ನೆ, ಉಳಿದ ಕಡೆ ತಲೆಯ ಮೇಲೆ ಗೆರೆ ಹೊತ್ತ ವಿಚಿತ್ರ ಅಕ್ಷರಗಳು. ಪ್ರಬಂಧವನ್ನು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿಸಲಾಗಿತ್ತು. ಕಣ್ಣಿಗೆ ಅದು ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಂಥ ರಾಶಿ ಬೇರೆಲ್ಲೂ ಇಲ್ಲದ ಕಾರಣ ಹೊಂದಿಕೆಯೂ ಸಿಗಲಿಲ್ಲ. ಯಾವ ಕಂಪ್ಯೂಟರೂ ಕನ್ನಡವೆಂದೇ ಓದಬಲ್ಲ ಯುನಿಕೋಡ್ ಸಂಕೇತಕ್ಕೆ ಪರಿವರ್ತಿಸಿ ಮತ್ತೆ ಹಾಕಿದಾಗ ಶೇಕಡಾ 27 ಬಂತು. ಹೆಚ್ಚಿನದು ವಿಕಿಪೀಡಿಯದಿಂದ, ಪತ್ರಿಕೆಗಳ ಜಾಲತಾಣಗಳಿಂದ ಎತ್ತಿದ್ದು.

ಆ ವಿದ್ಯಾರ್ಥಿ ವಂಚಿಸಬೇಕೆಂದು ಹಾಗೆ ಮಾಡಿರಲಿಲ್ಲ. ಡಿಟಿಪಿ ಅಂಗಡಿಯವರು ಹತ್ತಾರು ವರ್ಷಗಳಿಂದ ಬಳಸುವ ಅಕ್ಷರಶೈಲಿ ಅದು. ಆದ್ದರಿಂದ ಕನ್ನಡ ವಿಭಾಗವಿರುವ ಯಾವ ಗ್ರಂಥಾಲಯವೇ ಆಗಲಿ, ತಂತ್ರಾಂಶ ಯಾವುದೆಂದು ಯೋಚಿಸುವ ಮೊದಲು ‘ಯುನಿಕೋಡ್ ಕಡತವನ್ನೇ ಸ್ವೀಕರಿಸುತ್ತೇವೆ’ ಎಂಬ ಒಂದು ಸಾಲಿನ ಸೂಚನೆಯನ್ನು ಗೋಡೆಗೆ ಅಂಟಿಸಬೇಕು. ಪರೀಕ್ಷಿಸುವ ವಿಧಾನ ಸುಲಭ: ಒಂದು ಸಾಲನ್ನು ನಕಲಿಸಿ ಗೂಗಲ್ ಹುಡುಕಾಟದಲ್ಲಿ ಅಂಟಿಸಿ. ಕನ್ನಡವಾಗಿಯೇ ಕಂಡರೆ ಸರಿ. ಇಲ್ಲವಾದರೆ ಪರಿವರ್ತಕದಲ್ಲಿ ಹಾಕಿ ಯುನಿಕೋಡಿಗೆ ತಂದು, ಒತ್ತಕ್ಷರಗಳು ಕೆಟ್ಟಿವೆಯೇ ಎಂದು ಒಮ್ಮೆ ಕಣ್ಣಾಡಿಸಿ ಮುಂದುವರಿಯಿರಿ.

ಇಷ್ಟಾದರೂ ಇನ್ನೊಂದು ಕೊರತೆ ಉಳಿಯುತ್ತದೆ. ಹೋಲಿಸಲು ಮೂಲವೇ ಇಲ್ಲದಿದ್ದರೆ ತಂತ್ರಾಂಶ ಏನನ್ನು ಹಿಡಿಯಬೇಕು? ದೇಶದ ಮಹಾಪ್ರಬಂಧಗಳ ಜಾಲಸಂಗ್ರಹವಾದ ಶೋಧಗಂಗಾದಲ್ಲಿರುವ ಕನ್ನಡ ಮಹಾಪ್ರಬಂಧಗಳಲ್ಲಿ ಎಷ್ಟೋ ಸ್ಕ್ಯಾನ್ ಮಾಡಿದ ಚಿತ್ರಗಳು ಅಥವಾ ಹಳೆಯ ಅಕ್ಷರಶೈಲಿಯವು. ಎಪ್ಪತ್ತರ ದಶಕದ ಮಾಸಪತ್ರಿಕೆಗಳು, ಅಭಿನಂದನ ಗ್ರಂಥಗಳು, ಊರಿನ ಸಂಘಗಳ ಸ್ಮರಣ ಸಂಚಿಕೆಗಳು ಜಾಲಕ್ಕೆ ಬಂದೇ ಇಲ್ಲ. ಗಡಿನಾಡಿನ ಇತಿಹಾಸ, ಯಕ್ಷಗಾನ, ದೈವಾರಾಧನೆಯ ಬಗ್ಗೆ ಬರೆಯುವವರ ಮೂಲಗಳು ಮುಖ್ಯವಾಗಿ ಅಲ್ಲೇ ಇರುವುದು. ಅವುಗಳಿಂದ ಎತ್ತಿದ್ದನ್ನು ಹಿಡಿಯಬಲ್ಲವರು ಆ ಸಂಚಿಕೆಗಳನ್ನು ಓದಿದವರು ಮಾತ್ರ. ಕನ್ನಡ ವಿಭಾಗದ ನಿವೃತ್ತ ಅಧ್ಯಾಪಕರೊಬ್ಬರನ್ನು ವರ್ಷಕ್ಕೆ ಎರಡು ಸಲ ಗ್ರಂಥಾಲಯಕ್ಕೆ ಕರೆದು ಕರಡುಗಳನ್ನು ಓದಿಸುವುದಕ್ಕೆ ಚಹಾ ಮತ್ತು ಬಸ್ ಖರ್ಚು ಮಾತ್ರ ಸಾಕು. ಕನ್ನಡದ ಮಟ್ಟಿಗೆ ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆಯನ್ನು ನಾನು ಕಂಡಿಲ್ಲ.

ಅನುವಾದದ ಕಳವು: ನಮ್ಮ ಊರಿನ ವಿಶೇಷ ಸಮಸ್ಯೆ

ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಪರೀಕ್ಷೆಗೆ ಇಂಗ್ಲಿಷ್. ನಾಲ್ಕು ಭಾಷೆ ತಿಳಿದ ಮಕ್ಕಳು ನಮ್ಮ ಆಸ್ತಿ. ಆದರೆ ಮಲಯಾಳದ ಲೇಖನವೊಂದನ್ನು ಕನ್ನಡಿಸಿ ತನ್ನ ಹೆಸರು ಹಾಕಿಕೊಳ್ಳುವುದು ಇಲ್ಲಿ ಬಹಳ ಸುಲಭ. ಮೊದಲಾದರೆ ಕೂತು ಅನುವಾದಿಸುವ ಶ್ರಮವಾದರೂ ಇತ್ತು, ಆ ಶ್ರಮದಲ್ಲಿ ಒಂದಷ್ಟು ಕಲಿಕೆಯೂ ಇತ್ತು. ಈಗ ಮೊಬೈಲಿನಲ್ಲಿ ಅರ್ಧ ನಿಮಿಷದ ಕೆಲಸ. ಪದಕ್ಕೆ ಪದ ಹೊಂದಿಸುವ ಸಾಮ್ಯ ಪರೀಕ್ಷೆಗೆ ಇದು ಹೊಚ್ಚ ಹೊಸ ಬರಹ.

ಇಂಥ ಬರಹದ ಗುರುತು ಸಣ್ಣ ಸಣ್ಣ ಪದಗಳಲ್ಲಿ ಉಳಿದಿರುತ್ತದೆ. ಕುಂಬಳೆಯ ಪಕ್ಕದ ಊರಿನ ಹುಡುಗ ತನ್ನ ಪ್ರಬಂಧದಲ್ಲಿ ‘ಕುಂಬಳ’ ಎಂದು ಬರೆದಿದ್ದ. ಹೊಸದುರ್ಗ ಅನ್ನಬೇಕಾದಲ್ಲೆಲ್ಲ ಕಾಞಂಗಾಡ್ ಇತ್ತು. ಅಜ್ಜನ ಮನೆಯಲ್ಲಿ ವರ್ಷ ವರ್ಷ ಕೋಲ ನೋಡಿ ಬೆಳೆದವನು ‘ಕೋಲಂ’ ಎಂದು ಮಲಯಾಳದಂತೆ ಬರೆಯುವುದಿಲ್ಲ. ನಾನು ಕೇಳಿದ್ದು ಇಷ್ಟೇ: “ಇದನ್ನು ಎಲ್ಲಿ ಓದಿದೆ? ಆ ಲೇಖನ ತೋರಿಸುತ್ತೀಯಾ, ನನಗೂ ಓದಬೇಕು.” ಮರುದಿನ ವಾರಪತ್ರಿಕೆಯ ಪ್ರತಿಯನ್ನೇ ತಂದ. ಅನುವಾದವೂ ಉದ್ಧರಣೆಯೇ, ಮೂಲ ಲೇಖಕರ ಹೆಸರು ಹೇಳಿ ‘ಅನುವಾದ ನನ್ನದು’ ಎಂದು ಸೂಚಿಸಿದರೆ ಅದು ನಿನ್ನ ಪಾಂಡಿತ್ಯವನ್ನು ಎತ್ತಿ ತೋರಿಸುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಿದ್ದಿದ ಪ್ರತಿಯಲ್ಲಿ ಆ ಲೇಖಕರನ್ನು ಮೂರು ಕಡೆ ಹೆಸರಿಸಿ, ಒಂದು ಕಡೆ ಅವರ ಅಭಿಪ್ರಾಯವನ್ನು ಒಪ್ಪದೆ ವಾದ ಮಾಡಿದ್ದ. ಆ ಪುಟ ಅವನ ಪ್ರಬಂಧದಲ್ಲೇ ಎಲ್ಲಕ್ಕಿಂತ ಚೆನ್ನಾಗಿತ್ತು.

ಯಂತ್ರ ಬರೆದದ್ದನ್ನು ಯಂತ್ರ ಹಿಡಿಯಬಲ್ಲದೇ?

ಕೃತಕ ಬುದ್ಧಿಮತ್ತೆಯ ಪತ್ತೆ ಸಾಧನಗಳಿಗೆ ಈಗ ಎಲ್ಲಿಲ್ಲದ ಬೇಡಿಕೆ. ಕೊಳ್ಳುವ ಮೊದಲು ಅವು ನಡೆದುಬಂದ ದಾರಿಯನ್ನು ನೋಡಬೇಕು. ಚಾಟ್‌ಜಿಪಿಟಿಯನ್ನು 2022ರ ನವೆಂಬರ್ 30ರಂದು ಬಿಡುಗಡೆ ಮಾಡಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಒಂದು ಪತ್ತೆ ಸಾಧನವನ್ನು ಕೊಟ್ಟಿತು. ಅವರದೇ ಪರೀಕ್ಷೆಯಲ್ಲಿ ಅದು ಯಂತ್ರದ ಬರಹವನ್ನು ಸರಿಯಾಗಿ ಗುರುತಿಸಿದ್ದು ಶೇಕಡಾ 26ರಷ್ಟು ಸಲ. ಮನುಷ್ಯರ ಬರಹವನ್ನು ಯಂತ್ರದ್ದೆಂದು ತಪ್ಪಾಗಿ ಹೇಳಿದ್ದು ಶೇಕಡಾ 9ರಷ್ಟು ಸಲ. ನಿಖರತೆ ಸಾಲದೆಂದು ಆ ಜುಲೈಯಲ್ಲೇ ಅದನ್ನು ಹಿಂದಕ್ಕೆ ಪಡೆದರು. ಟರ್ನಿಟಿನ್ ತನ್ನ ಪತ್ತೆ ಸೌಲಭ್ಯವನ್ನು 2023ರ ಏಪ್ರಿಲಿನಲ್ಲಿ ಸೇರಿಸಿತು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಅದೇ ಆಗಸ್ಟಿನಲ್ಲಿ ಅದನ್ನು ನಿಲ್ಲಿಸಿಬಿಟ್ಟಿತು. ಅವರ ಲೆಕ್ಕ ಸರಳವಾಗಿತ್ತು: 2022ರಲ್ಲಿ 75,000 ಬರಹಗಳನ್ನು ಪರೀಕ್ಷಿಸಿದ್ದರು, ನೂರಕ್ಕೆ ಒಂದು ತಪ್ಪು ಎಂದರೂ ಸುಮಾರು 750 ಬರಹಗಳ ಮೇಲೆ ತಪ್ಪು ಆರೋಪ ಬರುತ್ತದೆ. ಟರ್ನಿಟಿನ್ ಕೂಡ ಶೇಕಡಾ 20ಕ್ಕಿಂತ ಕೆಳಗಿನ ಫಲಿತಾಂಶಕ್ಕೆ ಈಗ ಸಂಖ್ಯೆ ತೋರಿಸದೆ ನಕ್ಷತ್ರದ ಗುರುತು ಹಾಕುತ್ತದೆ.

ನಮಗೆ ಇನ್ನೂ ಹತ್ತಿರದ ಸಂಗತಿ ಸ್ಟ್ಯಾನ್‌ಫರ್ಡಿನ ಸಂಶೋಧಕರದು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಅವರು ಏಳು ಪತ್ತೆ ಸಾಧನಗಳಿಗೆ ಕೊಟ್ಟರು. ಸರಾಸರಿ ಶೇಕಡಾ 61ರಷ್ಟು ಪ್ರಬಂಧಗಳನ್ನು ಅವು ಯಂತ್ರದ ಬರಹವೆಂದು ತಪ್ಪಾಗಿ ಹೇಳಿದವು. ಮುಂದಿನ ಪದ ಯಾವುದೆಂದು ಎಷ್ಟು ಸುಲಭವಾಗಿ ಊಹಿಸಬಹುದೋ ಅಷ್ಟು ಸಂಶಯ; ಈ ಸಾಧನಗಳು ನಡೆಯುವುದು ಈ ತರ್ಕದ ಮೇಲೆ. ಕಲಿತ ಭಾಷೆಯಲ್ಲಿ ಬರೆಯುವವರು ತಮಗೆ ಖಚಿತವಾಗಿ ಗೊತ್ತಿರುವ ಪದಗಳನ್ನೇ, ತಿಳಿದ ವಾಕ್ಯರಚನೆಯನ್ನೇ ಬಳಸುತ್ತಾರೆ. ಅವರ ಎಚ್ಚರವೇ ಅವರಿಗೆ ಮುಳುವಾಗುತ್ತದೆ.

ಮುಳ್ಳೇರಿಯ ಕಡೆಯ ಒಬ್ಬ ವಾಣಿಜ್ಯ ವಿದ್ಯಾರ್ಥಿಗೆ ಇದೇ ಆಯಿತು. ಇಂಗ್ಲಿಷ್ ಅವನಿಗೆ ನಾಲ್ಕನೆಯ ಭಾಷೆ. ಚಿಕ್ಕ ಚಿಕ್ಕ ನೇರ ವಾಕ್ಯಗಳಲ್ಲಿ ಸಹಕಾರಿ ಸಂಘಗಳ ಬಗ್ಗೆ ಬರೆದಿದ್ದ. ಪತ್ತೆ ಸಾಧನ ಅದನ್ನು ಯಂತ್ರದ ಬರಹವೆಂದಿತು. ಹುಡುಗ ಮಾತಾಡದೆ ಹೊರಟು ಹೋದ. ಮಧ್ಯಾಹ್ನ ಮರಳಿ ಬಂದಾಗ ಕೈಯಲ್ಲಿ ನೂರು ಪುಟದ ನೋಟುಪುಸ್ತಕವಿತ್ತು. ಪೆನ್ಸಿಲಿನಲ್ಲಿ ಮೊದಲು ಕನ್ನಡದಲ್ಲಿ ಬರೆದು, ಪಕ್ಕದ ಪುಟದಲ್ಲಿ ಇಂಗ್ಲಿಷಿಗೆ ತಂದು, ಮೂರು ನಾಲ್ಕು ಕಡೆ ಉಜ್ಜಿ ತಿದ್ದಿದ್ದು ಕಾಣುತ್ತಿತ್ತು. ಒಂದು ಪುಟ ಉಜ್ಜಿ ಉಜ್ಜಿ ಹರಿದೇ ಹೋಗಿತ್ತು. ಆ ಪುಸ್ತಕವನ್ನು ಅವನು ಎಸೆದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ನನ್ನ ಎದೆ ಭಾರವಾಗುತ್ತದೆ.

ಇನ್ನು ಕನ್ನಡದ ಮಾತು. ಟರ್ನಿಟಿನ್‌ನ ಪತ್ತೆ ಸೌಲಭ್ಯ ಇಂಗ್ಲಿಷ್, ಸ್ಪ್ಯಾನಿಷ್, ಜಪಾನಿಯಂಥ ಕೆಲವೇ ಭಾಷೆಗಳಿಗೆ ಇರುವುದು. ಕನ್ನಡ ಆ ಪಟ್ಟಿಯಲ್ಲಿಲ್ಲ. ಕನ್ನಡ ಬರಹವನ್ನು ಸಿಕ್ಕಿದ ತಾಣಕ್ಕೆ ಹಾಕಿ ಬಂದ ಅಂಕಿಯನ್ನು ನಂಬುವುದಕ್ಕೆ ಯಾವ ಆಧಾರವೂ ಇಲ್ಲ. ಆದ್ದರಿಂದ ಈ ಸಾಧನಗಳಿಗಾಗಿ ಪ್ರತ್ಯೇಕ ಹಣ ಖರ್ಚು ಮಾಡಬೇಡಿ. ಬೇರೆ ತಂತ್ರಾಂಶದೊಂದಿಗೆ ತಾನಾಗಿ ಬಂದಿದ್ದರೆ, ವಿದ್ಯಾರ್ಥಿಯೊಂದಿಗೆ ಮಾತು ಆರಂಭಿಸಲು ಬಳಸಬಹುದು. ಶಿಕ್ಷೆಗೆ ಅದೊಂದೇ ಸಾಕ್ಷಿಯಾದರೆ ಆ ಶಿಕ್ಷೆ ಅನ್ಯಾಯ.

ಪರಿಗ್ರಹಣ ಸಂಖ್ಯೆ ಕೇಳಿ

ಹಾಗಾದರೆ ಯಂತ್ರದಿಂದ ಬರೆಸಿದ್ದನ್ನು ತಡೆಯುವುದು ಹೇಗೆ? ನಾನು ಕಂಡಂತೆ ಬರೆದು ಮುಗಿದ ಮೇಲೆ ಹಿಡಿಯುವುದಕ್ಕಿಂತ ಬರೆಯುವ ದಾರಿಯಲ್ಲಿ ಜೊತೆಗಿರುವುದು ಹೆಚ್ಚು ಫಲ ಕೊಡುತ್ತದೆ. ಟಿಪ್ಪಣಿ, ಕರಡು, ಅಂತಿಮ ಪ್ರತಿ ಎಂದು ಮೂರು ಹಂತಗಳಲ್ಲಿ ಒಪ್ಪಿಸಲು ಹೇಳಬಹುದು. ಗೂಗಲ್ ಡಾಕ್ಸ್‌ನಲ್ಲಿ ಬರೆದರೆ ಯಾವ ದಿನ ಏನು ತಿದ್ದಲಾಯಿತು ಎಂಬ ಇತಿಹಾಸ ಅದರಲ್ಲೇ ಉಳಿಯುತ್ತದೆ. ಐದು ನಿಮಿಷದ ಮೌಖಿಕ ಪ್ರಶ್ನೋತ್ತರವೂ ಸಾಕಾಗುತ್ತದೆ. ಅರುವತ್ತು ಮಕ್ಕಳ ತರಗತಿಗೆ ಒಬ್ಬರೇ ಅಧ್ಯಾಪಕರಿದ್ದರೆ ಇದೆಲ್ಲ ಹೊರೆ ಎಂಬುದನ್ನು ಬಲ್ಲೆ.

ಅಂಥವರಿಗೆ ನಾನು ಹೇಳುವ ಉಪಾಯ ಇದು. ಪ್ರತಿ ಅಸೈನ್‌ಮೆಂಟಿನ ಕೊನೆಯಲ್ಲಿ, ನಮ್ಮ ಗ್ರಂಥಾಲಯದಲ್ಲಿ ಓದಿದ ಕನಿಷ್ಠ ಎರಡು ಪುಸ್ತಕಗಳ ಪರಿಗ್ರಹಣ ಸಂಖ್ಯೆ (ಪ್ರತಿ ಪುಸ್ತಕಕ್ಕೂ ಗ್ರಂಥಾಲಯ ಕೊಡುವ ಕ್ರಮಸಂಖ್ಯೆ) ಮತ್ತು ಬಳಸಿದ ಪುಟಸಂಖ್ಯೆ ಬರೆಯಬೇಕು ಎಂದು ಕೇಳಿ. ಪುಸ್ತಕದ ಶೀರ್ಷಿಕೆ ಪುಟದ ಹಿಂದೆ ಮೊಹರು ಒತ್ತಿ ಕೈಯಲ್ಲಿ ಬರೆದ ಆ ಸಂಖ್ಯೆ ಯಾವ ಚಾಟ್‌ಬಾಟಿಗೂ ಗೊತ್ತಿಲ್ಲ. ಅದನ್ನು ಬರೆಯಬೇಕಾದರೆ ವಿದ್ಯಾರ್ಥಿ ಎದ್ದು ಬಂದು ಪುಸ್ತಕ ಕೈಗೆತ್ತಿಕೊಳ್ಳಲೇಬೇಕು. ಪುಸ್ತಕ ತೆರೆದವರು ಒಂದೆರಡು ಪುಟವಾದರೂ ಓದುತ್ತಾರೆ. ಪರಿಶೀಲನೆಗೆ ಗ್ರಂಥಪಾಲಕರಿಗೆ ಒಂದು ಪ್ರತಿಗೆ ಒಂದು ನಿಮಿಷ ಸಾಕು, ದಾಖಲೆ ಪುಸ್ತಕ ನಮ್ಮ ಮೇಜಿನಲ್ಲೇ ಇರುತ್ತದೆ.

ಇಲ್ಲದ ಆಕರಗಳ ಪತ್ತೆಗೂ ತಂತ್ರಾಂಶ ಬೇಡ. ಇಂಗ್ಲಿಷ್ ಲೇಖನವಾದರೆ ಅದರ ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆಯನ್ನು ಡಿಒಐ ತಾಣದಲ್ಲಿ ಹಾಕಿ. ತೆರೆದುಕೊಳ್ಳದಿದ್ದರೆ ಅಥವಾ ಬೇರೆಯೇ ಲೇಖನ ತೆರೆದರೆ ಸಂಶಯ ಖಚಿತವಾಯಿತು. ಕ್ರಾಸ್‌ರೆಫ್, ಗೂಗಲ್ ಸ್ಕಾಲರ್‌ಗಳಲ್ಲಿ ಶೀರ್ಷಿಕೆ ಹುಡುಕಿ. ಮಹಾಪ್ರಬಂಧವಾದರೆ ಶೋಧಗಂಗಾ. ಕನ್ನಡದ ಹಳೆಯ ಲೇಖನಗಳಿಗೆ ಡಿಒಐ ಇರುವುದಿಲ್ಲ, ಕಪಾಟಿಗೇ ಹೋಗಬೇಕು. ವಕೀಲರೂ ಇದರಲ್ಲಿ ಎಡವಿದ್ದಾರೆ: 2023ರ ಜೂನಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿತು.

ಆಕರಗಳನ್ನು ಮೊದಲ ದಿನದಿಂದ ಜೋಡಿಸಿಟ್ಟುಕೊಳ್ಳಲು ಜೊಟೆರೊ ಎಂಬ ತಂತ್ರಾಂಶವಿದೆ. ಉಚಿತ, ಯುನಿಕೋಡ್ ಕನ್ನಡ ಅದರಲ್ಲಿ ಸಲೀಸಾಗಿ ನಡೆಯುತ್ತದೆ. ಮೆಂಡೆಲೇಯೂ ಆಗಬಹುದು. ನಾನು ಮೊದಲನೆಯದನ್ನೇ ಕಲಿಸುತ್ತೇನೆ, ಅದು ಯಾವ ಪ್ರಕಾಶನ ಕಂಪನಿಯ ಕೈಯಲ್ಲೂ ಇಲ್ಲ.

ನಿಷೇಧವೋ, ಅನುಮತಿಯೋ, ಹೇಳಿ ಬಳಸುವುದೋ?

ಪೂರ್ತಿ ನಿಷೇಧಿಸಿದರೆ ಮಕ್ಕಳು ಅಡಗಿಸಿ ಬಳಸುತ್ತಾರೆ. ಹಿಡಿಯಲು ನಂಬಿಕಸ್ತ ಸಾಧನ ಇಲ್ಲವೆಂದು ಮೇಲೆ ನೋಡಿದೆವು. ಪೂರ್ತಿ ಬಿಟ್ಟರೆ ಕಲಿಕೆ ನಿಲ್ಲುತ್ತದೆ. ಹೇಳಿ ಬಳಸುವ ಪದ್ಧತಿಯನ್ನು ನಾನು ಬೆಂಬಲಿಸುತ್ತೇನೆ. ಪ್ರಕಟಣೆಯ ನೀತಿಯನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಮಿತಿ ಕೋಪ್ ಕೂಡ 2023ರಲ್ಲಿ ಹೇಳಿದ್ದು ಇದನ್ನೇ: ಇಂಥ ಸಾಧನ ಲೇಖಕನಾಗಲಾರದು, ಬಳಸಿದವರು ಹೇಗೆ ಬಳಸಿದೆವೆಂದು ತಿಳಿಸಬೇಕು, ಬರಹದ ಹೊಣೆಯನ್ನು ತಾವೇ ಹೊರಬೇಕು. ನಮ್ಮಲ್ಲಿ ಪ್ರಬಂಧದ ಮೊದಲ ಪುಟಗಳಲ್ಲಿ ಇಂಥ ಸಾಲು ಬರೆಸುತ್ತೇವೆ: “ಎರಡನೆಯ ಅಧ್ಯಾಯದ ಇಂಗ್ಲಿಷ್ ಸಾರಾಂಶದ ವ್ಯಾಕರಣ ತಿದ್ದಲು ಚಾಟ್‌ಜಿಪಿಟಿ ಬಳಸಿದ್ದೇನೆ. ಆಕರಗಳನ್ನೆಲ್ಲ ನಾನೇ ನೋಡಿ ಖಚಿತಪಡಿಸಿಕೊಂಡಿದ್ದೇನೆ.” ಎರಡನೆಯ ವಾಕ್ಯ ಬರೆಯುವಾಗ ಅನೇಕರ ಪೆನ್ನು ನಿಲ್ಲುತ್ತದೆ. ಎದ್ದು ಕಪಾಟಿನ ಕಡೆ ನಡೆಯುತ್ತಾರೆ.

ಯಾರಿಗೆ ಯಾವುದು?

ಪಿಎಚ್‌ಡಿ ನಡೆಯುವ ವಿಭಾಗಗಳಿಗೆ ಸಾಮ್ಯ ವರದಿ ತಪ್ಪಿದ್ದಲ್ಲ. ಶೋಧಶುದ್ಧಿ ಸಾಕು, ಯುನಿಕೋಡ್ ಪರಿಶೀಲನೆಯ ಜೊತೆಗೆ. ಸಂಶೋಧನೆ ಮತ್ತು ಪ್ರಕಟಣಾ ನೀತಿಯ ಎರಡು ಕ್ರೆಡಿಟ್‌ಗಳ ಪಠ್ಯವನ್ನು ಯುಜಿಸಿ ಪಿಎಚ್‌ಡಿಯವರಿಗೆ ಕಡ್ಡಾಯ ಮಾಡಿದೆ. ಅದರಲ್ಲಿ ಒಂದೆರಡು ತರಗತಿಗಳನ್ನು ಗ್ರಂಥಪಾಲಕರಿಗೆ ಬಿಟ್ಟುಕೊಡಿ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿಕೊಳ್ಳಿ. ಇಂಗ್ಲಿಷಿನಲ್ಲಿ ಹೊರಗಿನ ನಿಯತಕಾಲಿಕಗಳಿಗೆ ಬರೆಯುವ ವಿಜ್ಞಾನ ವಿಭಾಗಗಳಿಗೆ, ವಿಶ್ವವಿದ್ಯಾಲಯವೇ ಕೊಡುವುದಾದರೆ, ಟರ್ನಿಟಿನ್ ಆಗಬಹುದು.

ಪದವಿ ಕಾಲೇಜುಗಳಿಗೆ ನನ್ನ ಆಯ್ಕೆ ಮೂರು ಹಂತದ ಒಪ್ಪಿಸುವಿಕೆ, ಪರಿಗ್ರಹಣ ಸಂಖ್ಯೆ, ಸೆಮಿಸ್ಟರಿಗೆ ಒಂದು ಕಲಿಕೆಯ ಗಂಟೆ. ಪ್ರತಿ ಸೆಮಿಸ್ಟರಿನಲ್ಲೂ ಅರಿವಿನ ಕಾರ್ಯಕ್ರಮ ನಡೆಸಬೇಕೆಂದು 2018ರ ನಿಯಮವೇ ಹೇಳುತ್ತದೆ. ಕೇರಳದಲ್ಲಿ 2024ರ ಜುಲೈ 1ರಂದು ಆರಂಭವಾದ ನಾಲ್ಕು ವರ್ಷದ ಪದವಿಯ ಮೊದಲ ತಂಡ ನಾಲ್ಕನೆಯ ವರ್ಷಕ್ಕೆ ಕಾಲಿಡುವುದು 2027ರಲ್ಲಿ. ಸಂಶೋಧನೆಯ ಆನರ್ಸ್ ಆಯ್ದುಕೊಂಡವರು ಇಪ್ಪತ್ತು ಇಪ್ಪತ್ತೊಂದರ ವಯಸ್ಸಿನಲ್ಲೇ ಸಂಶೋಧನಾ ಬರಹಕ್ಕೆ ಕೈ ಹಾಕುತ್ತಾರೆ. ಉಲ್ಲೇಖಿಸುವುದು ಹೇಗೆಂದು ಅವರಿಗೆ ಆಗ ಹೇಳಿಕೊಟ್ಟರೆ ತಡವಾಯಿತು, ಮೊದಲ ವರ್ಷದಲ್ಲೇ ಶುರುಮಾಡಬೇಕು.

ನಿಮ್ಮ ಮೇಲೆಯೇ ಆರೋಪ ಬಂದರೆ

ಇದನ್ನು ಓದುವ ವಿದ್ಯಾರ್ಥಿಗಳಿಗೆ ಒಂದಿಷ್ಟು. ಸಾಮ್ಯ ವರದಿ ತೋರಿಸಿ ಯಾರಾದರೂ ಬರೀ ಶೇಕಡಾವಾರು ಹೇಳಿದರೆ ಹೆದರಬೇಡಿ, ಪೂರ್ತಿ ವರದಿ ಕೇಳಿ. ಬಣ್ಣ ಹಚ್ಚಿದ ಪ್ರತಿ ಸಾಲಿನ ಮುಂದೆ ಅದು ಉದ್ಧರಣೆಯೋ, ಆಕರಸೂಚಿಯೋ, ನಿಜವಾದ ತಪ್ಪೋ ಎಂದು ಗುರುತು ಹಾಕಿ. ತಪ್ಪಾಗಿದ್ದರೆ ಒಪ್ಪಿಕೊಂಡು ತಿದ್ದಲು ಸಮಯ ಕೇಳಿ. ನೋಟುಪುಸ್ತಕ, ಕರಡು, ಪುಸ್ತಕ ಪಡೆದ ಕಾರ್ಡು ಎಲ್ಲವನ್ನೂ ಪದವಿ ಕೈಗೆ ಬರುವ ತನಕ ಜೋಪಾನ ಮಾಡಿ. ನಿಯಮಾವಳಿಯಂತೆ ದೂರನ್ನು ಮೊದಲು ಪರಿಶೀಲಿಸಬೇಕಾದದ್ದು ವಿಭಾಗ ಮಟ್ಟದ ಸಮಿತಿ. ಅದರಲ್ಲಿ ವಿಭಾಗದ ಮುಖ್ಯಸ್ಥರಲ್ಲದೆ ಹೊರಗಿನ ಹಿರಿಯ ಅಧ್ಯಾಪಕರೊಬ್ಬರು, ಈ ತಂತ್ರಾಂಶಗಳನ್ನು ಬಲ್ಲವರೊಬ್ಬರು ಇರಬೇಕು. ಸಹಜ ನ್ಯಾಯದ ತತ್ತ್ವಕ್ಕೆ ಬದ್ಧವಾಗಿ ವಿಚಾರಣೆ ನಡೆಸಿ, ದೂರು ಬಂದ 45 ದಿನಗಳೊಳಗೆ ಸಂಸ್ಥೆಯ ಸಮಿತಿಗೆ ವರದಿ ಕೊಡಬೇಕು. ತಂತ್ರಾಂಶ ಬಲ್ಲವರ ಆ ಸ್ಥಾನದಲ್ಲಿ ನಿಮ್ಮ ಗ್ರಂಥಪಾಲಕರೇ ಕೂರುವುದುಂಟು. ಆರೋಪ ಬರುವ ತನಕ ಕಾಯದೆ ಮೊದಲ ಕರಡು ಮುಗಿದ ದಿನವೇ ಅವರ ಮೇಜಿನ ಬಳಿ ಹೋಗಿ, ಆಕರಗಳ ಪಟ್ಟಿಯನ್ನು ಜೊತೆಯಲ್ಲಿ ಒಯ್ಯಿರಿ.